ಎಡ ಹೊಳ್ಳೆಯಲ್ಲಿ ಮಾತ್ರ ರಕ್ತ

ಯಲಹಂಕದ ಆಚೆ ಒಂದು ಲಾಯದಲ್ಲಿ ನಾನು ಭಾನುವಾರ ಕುದುರೆ ಸವಾರಿ ಕಲಿಯುತ್ತೇನೆ. ಅಲ್ಲಿ ರಾಜ ಇದ್ದಾನೆ, 14 ವರ್ಷದ ಹಳೇ ರೇಸ್ ಕುದುರೆ. ಏಪ್ರಿಲ್‌ನಲ್ಲಿ ಒಂದು ದಿನ ಅವನ ಎಡ ಹೊಳ್ಳೆಯಿಂದ ರಕ್ತ ಜಿನುಗಿತ್ತು. ಜಾಸ್ತಿ ಏನಿಲ್ಲ, ಒಂದು ಚಮಚದಷ್ಟು. "ಉಷ್ಣ ಸಾರ್, ಬಿಸಿಲು ನೋಡಿ" ಎಂದರು ಕುದುರೆ ನೋಡಿಕೊಳ್ಳುವ ಸೈಸ್ ಅಣ್ಣ. ನಾನೂ ತಲೆಯಾಡಿಸಿದೆ. ಮನೇಲಿ ಮಕ್ಕಳಿಗೆ ಮೂಗಲ್ಲಿ ರಕ್ತ ಬಂದರೂ ನೆತ್ತಿಗೆ ನೀರು ತಟ್ಟಿ ಮಜ್ಜಿಗೆ ಕುಡಿಸುವವರು ನಾವು, ಅಲ್ವಾ?

ಎರಡು ವಾರ ಬಿಟ್ಟು ಮತ್ತೆ ರಕ್ತ. ಓಡಿಸಿರಲಿಲ್ಲ, ಸುಮ್ನೆ ಹುಲ್ಲು ತಿನ್ನುತ್ತಾ ನಿಂತಿದ್ದ. ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆಯೇ ಅದು: ಓಡಿದ ಮೇಲೆ ಬಂತಾ, ಒಂದೇ ಹೊಳ್ಳೆನಾ? ರೇಸ್ ಕುದುರೆಗಳಿಗೆ ಓಟದ ನಂತರ ಬರುವ ರಕ್ತ ಶ್ವಾಸಕೋಶದ್ದು, ಸಾಮಾನ್ಯವಾಗಿ ಎರಡೂ ಕಡೆ ಇಳಿಯುತ್ತದೆ.

ಮತ್ತು ಬರುವ ಇಂಜೆಕ್ಷನ್ ಕೊಟ್ಟು ಮೂಗಿನೊಳಗೆ ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ತೆಳು ಕೊಳವೆ, ಬಿಟ್ಟರು. ಮೂಗಿನ ತೀರಾ ಹಿಂದೆ, ಸುರುಳಿ ಸುರುಳಿ ಮೂಳೆಗಳಿರುವ ಕಡೆ, ಹಸಿರು ಹಳದಿ ಬೆರೆತ ನುಣುಪಾದ ಗಡ್ಡೆ. ಎಲ್ಲರ ಬಾಯಲ್ಲೂ ಒಂದೇ ಮಾತು, ಕ್ಯಾನ್ಸರಾ? ಅಲ್ಲವಂತೆ. ಎಥ್ಮಾಯ್ಡ್ ಹೆಮಟೋಮಾ ಅಂತ ಹೆಸರು. ಒಳಪೊರೆಯ ಕೆಳಗೆ ಮತ್ತೆ ಮತ್ತೆ ರಕ್ತ ಒಸರಿ, ಚೀಲದ ಹಾಗೆ ನಿಧಾನಕ್ಕೆ ಉಬ್ಬುತ್ತದೆ. ಯಾಕೆ ಶುರುವಾಗುತ್ತದೋ ವೈದ್ಯರಿಗೂ ಸರಿಯಾಗಿ ಗೊತ್ತಿಲ್ಲ. ಮೈಗೆಲ್ಲ ಹರಡುವುದಿಲ್ಲ. ಆದರೆ ಹಾಗೇ ಬಿಟ್ಟರೆ ಪಕ್ಕದ ಮೂಳೆ ಸವೆಸಿ ಸೈನಸ್ (ಮುಖದ ಮೂಳೆಯೊಳಗಿನ ಟೊಳ್ಳು) ಒಳಗೂ ಬೆಳೆಯಬಹುದು, ಉಸಿರಿಗೂ ಅಡ್ಡ ಬರಬಹುದು, ಕುದುರೆಗೋ ನಮ್ಮ ಹಾಗೆ ಬಾಯಲ್ಲಿ ಉಸಿರಾಡಲು ಬರುವುದಿಲ್ಲ.

ನಮ್ಮೂರಲ್ಲಿ ಎತ್ತುಗಳಿಗೆ ಗೊರಕೆ ರೋಗ ಬರುತ್ತಿತ್ತು, ಅದೇನಾ ಅಂತ ಕೇಳಿದೆ. ನಕ್ಕರು. ಅದು ಕೆರೆಯ ಬಸವನಹುಳುವಿನಿಂದ ಬರುವ ಜಂತುವಿನ ಕಾಟ, ಇದೇ ಬೇರೆ. ಮುಖವೇ ಊದಿಕೊಂಡು ಮೂಗು ಸೋರಿದರೆ ಸೈನಸ್‌ನಲ್ಲಿ ನೀರುಗುಳ್ಳೆ, ಅಂದರೆ ಸಿಸ್ಟ್, ಇರಬಹುದಂತೆ. ಮೂಳೆಗೆ ಕಿಟಕಿ ಕೊರೆದು ಅದನ್ನು ತೆಗೆದರೆ ಹೆಚ್ಚಾಗಿ ಮತ್ತೆ ಬರುವುದಿಲ್ಲ. ರಾಜನದ್ದು ಹಾಗಲ್ಲ, ಮರುಕಳಿಸುವ ಜಾತಿ.

ಚಿಕಿತ್ಸೆ ಕೇಳಿ ಬೆಚ್ಚಿದೆ. ಗಡ್ಡೆಯೊಳಗೇ ಫಾರ್ಮಲಿನ್ ಚುಚ್ಚುತ್ತಾರೆ! ಲ್ಯಾಬಿನ ಬಾಟಲಿಯಲ್ಲಿ ಕಪ್ಪೆ ಕೆಡದಂತೆ ಇಡುವ ಅದೇ ದ್ರವ. ಗಡ್ಡೆ ಸತ್ತು ಉದುರುತ್ತದೆ. ಮಿದುಳಿನ ಕಡೆಯ ತೆಳು ಮೂಳೆ ಸವೆದಿದ್ದರೆ ಅದು ಅಪಾಯ, ಅದಕ್ಕೇ ಮೊದಲು ಸ್ಕ್ಯಾನ್ ಮಾಡಿದರು.

ಎರಡು ಸಲ ಚುಚ್ಚಿದ್ದಾಗಿದೆ, ಗಡ್ಡೆ ಅರ್ಧ ಕುಗ್ಗಿದೆ. ಮುಂದಿನ ತಿಂಗಳು ಮತ್ತೆ ನೋಡುತ್ತಾರೆ. ಸೈಸ್ ಅಣ್ಣ ಈಗ ದಿನಾ ಬೆಳಿಗ್ಗೆ ಬಿಳಿ ಬಟ್ಟೆಯಲ್ಲಿ ಅವನ ಮೂಗು ಒರೆಸಿ ನೋಡುತ್ತಾರೆ.