ರಾಕ್ಷಸನ ಪುಟ: ದೈತ್ಯಕೋಶದ ಕೆಲಸ ಎಲ್ಲಿಗೆ ಬಂತು

ಕುಂಬಳೆಯ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರಗಳಂದು ದಾಳ ಹಿಡಿದು, ಪಾತ್ರಗಳಾಗಿ ಕಥೆಯಾಡಲು ಕೂರುವ ನಮ್ಮ ಸಣ್ಣ ಬಳಗಕ್ಕಾಗಿ ನಾನು ಬರೆಯುತ್ತಿರುವ ಕನ್ನಡದ ದೈತ್ಯಕೋಶದಲ್ಲಿ, ಅಂದರೆ ಆಟದಲ್ಲಿ ಎದುರಾಗುವ ಜೀವಿಗಳ ರೂಪ, ಗುಣ, ನಿಯಮ ಬರೆದಿಡುವ ಪುಸ್ತಕದಲ್ಲಿ, ಈ ತಿಂಗಳು ಮುಗಿದದ್ದು ಒಂದೇ ಪುಟ, ಅದು ರಾಕ್ಷಸನದು. ಅದನ್ನು ಮೂರು ಬಾರಿ ಬರೆದು ಹರಿಯಬೇಕಾಯಿತು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಇದೇ ಬಗೆಯ ಆಟದ ಜೀವಿಗಳು ಎಲ್ಲೆಲ್ಲಿಂದಲೋ ಬಂದವು. ಲೋಹಕ್ಕೆ ತುಕ್ಕು ಹಿಡಿಸಿ ತಿನ್ನುವ ಪ್ರಾಣಿಗೆ ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದು ಮೂಲ. ಐದು ತಲೆಯ ಡ್ರ್ಯಾಗನ್ ಟಿಯಾಮತ್‌ಳ ಹೆಸರು ಬ್ಯಾಬಿಲೋನಿನ ಸೃಷ್ಟಿಕಥೆಯದು. ರಾಕ್ಷಸನಾದರೂ ನಮ್ಮ ಪುರಾಣದಿಂದ ನೇರವಾಗಿ ಹೋದವನೆಂದು ನಾನು ಬಹುಕಾಲ ನಂಬಿದ್ದೆ. ಆದರೆ ಅವನು ಅಮೆರಿಕದ ಟೆಲಿವಿಷನ್ನಿನ ದಾರಿಯಾಗಿ ಸುತ್ತಿ ಹೋದವನು. ಅದೇ 1974ರಲ್ಲಿ ‘ಕೋಲ್ಚಾಕ್: ದ ನೈಟ್ ಸ್ಟಾಕರ್’ ಧಾರಾವಾಹಿಯ ಒಂದು ಕಂತಿನಲ್ಲಿ ರಾಕ್ಷಸನು ತನ್ನ ಬಲಿ ಯಾರನ್ನು ನಂಬುತ್ತದೆಯೋ ಅವರ ರೂಪದಲ್ಲೇ ಎದುರಾಗುತ್ತಾನೆ, ಅಭಿಮಂತ್ರಿಸಿದ ಬಾಣಕ್ಕೆ ಸಾಯುತ್ತಾನೆ, ಈ ಎರಡು ಗುಣಗಳೂ ಆಟದೊಳಗೆ ಬಂದವು. ಆ ಆಟದ ಜೀವಿಗಳ ಕೈಪಿಡಿಯಾದ 1977ರ ‘ಮಾನ್‌ಸ್ಟರ್ ಮ್ಯಾನುಯಲ್’ನಲ್ಲಿ ಚಿತ್ರಕಾರ ಡೇವಿಡ್ ಟ್ರ್ಯಾಂಪಿಯರ್ ಅವನಿಗೆ ಹುಲಿಯ ಮುಖ ಬರೆದ ಮೇಲೆ ಆ ಮುಖವೇ ನಿಂತುಹೋಯಿತು.

ಆ ಹುಲಿಮುಖವನ್ನು ನಾನು ಕೈಬಿಟ್ಟಿದ್ದೇನೆ. ನಮ್ಮ ಊರಿನವರಿಗೆ ಹುಲಿಯೆಂದರೆ ಮೊದಲು ನೆನಪಾಗುವುದು ಹುಲಿಯ ದೈವ ಪಿಲಿಚಾಮುಂಡಿ. ಆಕೆಯನ್ನೂ ಗುಳಿಗನನ್ನೂ ಕೋಶಕ್ಕೆ ಸೇರಿಸೋಣವೆಂದು ಬಳಗದ ಕಿರಿಯನೊಬ್ಬ ಕೇಳಿದ. ಕೋಲದಲ್ಲಿ ಕೈಮುಗಿದು ನಿಂತು ಯಾರಿಂದ ಅಭಯದ ನುಡಿ ಪಡೆಯುತ್ತೇವೆಯೋ ಆ ದೈವಕ್ಕೆ ಹಿಟ್ ಪಾಯಿಂಟ್, ಅಂದರೆ ಎಷ್ಟು ಏಟಿಗೆ ಸಾಯುತ್ತದೆಂಬ ಲೆಕ್ಕ, ಬರೆಯಲು ನನ್ನಿಂದಾಗದು ಎಂದೆ. ಈ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯಿಲ್ಲ.

ರಾಕ್ಷಸನ ರೂಪಕ್ಕೆ ತೆಂಕುತಿಟ್ಟು ಯಕ್ಷಗಾನದ ರಾಕ್ಷಸಪಾತ್ರವಾದ ಬಣ್ಣದ ವೇಷವಿದೆ. ಬಾಲ್ಯದಲ್ಲಿ ಕಲಾವಿದರು ಬಣ್ಣ ಹಚ್ಚುವ ಚೌಕಿಯ ಮೂಲೆಯಲ್ಲಿ ಕುಳಿತು, ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿದ ಚಿಟ್ಟಿ ಕಲಾವಿದರ ಕೆನ್ನೆಯ ಮೇಲೆ ಸಾಲುಸಾಲಾಗಿ ಮುಳ್ಳಿನಂತೆ ಏಳುವುದನ್ನು ನಾನು ನಿದ್ದೆಗೆಟ್ಟು ನೋಡಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ನಂಬಿಸುವ ರೂಪ ತಾಳುವ ಗುಣವನ್ನು ನಮ್ಮ ರಂಗಸ್ಥಳ ಆ ಧಾರಾವಾಹಿಗಿಂತ ಎಷ್ಟೋ ಮೊದಲೇ ಬಲ್ಲದು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿರುವ ‘ಪಂಚವಟಿ’ಯಲ್ಲಿ ಘೋರ ಶೂರ್ಪನಖಿ ಹೆಣ್ಣುಬಣ್ಣವಾಗಿ, ಅಂದರೆ ರಕ್ಕಸಿಯ ಬಣ್ಣದ ವೇಷದಲ್ಲಿ, ಆರ್ಭಟಿಸಿ ಮರೆಯಾದರೆ, ಮಾಯಾ ಶೂರ್ಪನಖಿಯಾಗಿ ಬಳುಕುತ್ತ ಬರುವವರು ಬೇರೆಯೇ ಒಬ್ಬ ಸ್ತ್ರೀವೇಷಧಾರಿ. ಒಂದು ಪಾತ್ರಕ್ಕೆ ಎರಡು ದೇಹ: ನನ್ನ ನಿಯಮ ಹುಟ್ಟಿದ್ದು ಇಲ್ಲಿಂದ.

ಮೊದಲ ಕರಡಿನಲ್ಲಿ, ಇಪ್ಪತ್ತು ಮುಖದ ದಾಳದಲ್ಲಿ ಹದಿನೈದು ಅಥವಾ ಹೆಚ್ಚು ಬಿದ್ದರೆ ಮಾಯೆ ಕಳಚುತ್ತದೆಂದು ಬರೆದಿದ್ದೆ. ಆಡಿ ನೋಡಿದಾಗ ದೊಡ್ಡಮ್ಮನ ಮಗ ಮೊದಲ ಎಸೆತಕ್ಕೇ ಹದಿನೇಳು ಹಾಕಿದ್ದರಿಂದ, ಭಯ ಹುಟ್ಟುವ ಮೊದಲೇ ರಾಕ್ಷಸ ಬಯಲಾದ. ಈಗ ಮಾಯಾರೂಪಕ್ಕೂ ನಿಜರೂಪಕ್ಕೂ ಬೇರೆ ಬೇರೆ ಹಾಳೆಗಳಿವೆ. ನಿಜವಾದ ವ್ಯಕ್ತಿಗೆ ಮಾತ್ರ ತಿಳಿದಿರಬಹುದಾದ ಸಂಗತಿಯನ್ನು ಆಟಗಾರ ತಾನಾಗಿ ಕೇಳುವವರೆಗೆ ದಾಳ ಮುಟ್ಟುವಂತಿಲ್ಲ. ಕಳೆದ ಭಾನುವಾರ ಮಾಯೆ ಒಂದೂವರೆ ಗಂಟೆ ನಿಂತಿತು, ಜಗಲಿಯಲ್ಲಿ ಒಬ್ಬರನ್ನೊಬ್ಬರು ಅನುಮಾನಿಸತೊಡಗಿದರು.

ಉಳಿದಿರುವುದು ಮಾರೀಚ. ಬಾಣ ತಗುಲಿ ಜಿಂಕೆಯ ರೂಪ ಕಳಚಿದ ಮೇಲೂ ಅವನು ರಾಮನ ದನಿಯಲ್ಲಿ ಸೀತೆಯನ್ನೂ ಲಕ್ಷ್ಮಣನನ್ನೂ ಕೂಗಿದ. ಹಿಟ್ ಪಾಯಿಂಟ್ ಸೊನ್ನೆಗೆ ಇಳಿದ ಮೇಲೂ ಕೆಲಸ ಮಾಡುವ ಆ ದನಿಗೆ ಎಂತಹ ನಿಯಮ ಬರೆಯಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.