ಯಾರೂ ಇಳೀತಿಲ್ಲ, ಮತ್ಯಾಕೆ ನಿಂತಿದೆ?

"ಅಮ್ಮ, ಯಾರೂ ಹತ್ತುತ್ತಿಲ್ಲ, ಯಾರೂ ಇಳೀತಿಲ್ಲ. ಮತ್ಯಾಕೆ ಆರು ನಿಮಿಷ ನಿಲ್ಲಿಸಬೇಕು?"

ಹೋದ ಶನಿವಾರ ಮಗಳು ಕೇಳಿದ ಪ್ರಶ್ನೆ ಇದು. ಪಕ್ಕದ ಮನೆಯ ಬೇಸ್‌ಮೆಂಟಿನಲ್ಲಿ ಮಾದರಿ ರೈಲಿನ ಥ್ರಾಟಲ್ (ವೇಗ ಹೆಚ್ಚು ಕಡಿಮೆ ಮಾಡುವ ಹಿಡಿ) ಹಿಡಿದುಕೊಂಡು, ಬೊಂಬೆಯಷ್ಟಿದ್ದ ಲೂಯಿಸ್‌ಟೌನ್ ಸ್ಟೇಷನ್ನಿನ ಮುಂದೆ ಗಾಡಿ ನಿಲ್ಲಿಸಿದ್ದಳು. ಉತ್ತರ ಕೊಟ್ಟವರು ಟ್ರೈನ್ ತಾತ. ಆ ಉತ್ತರ ನನ್ನನ್ನು ಇನ್ನೂ ಬಿಟ್ಟಿಲ್ಲ.

ನಾವಿರುವುದು ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಹತ್ತಿರ. ಟ್ರೈನ್ ತಾತ ಅಂತ ಮಗಳು ಕರೆಯುವುದು ಪಕ್ಕದ ಮನೆಯ ಹಿರಿಯರನ್ನು. ಪೆನ್ಸಿಲ್ವೇನಿಯಾ ರೈಲ್‌ರೋಡ್ ಅಂತ ಒಂದು ಭಾರಿ ಕಂಪನಿ ಇತ್ತು. 1968ರಲ್ಲಿ ಇನ್ನೊಂದರ ಜೊತೆ ಸೇರಿ ಆ ಹೆಸರೇ ಹೋಯಿತು. ಅದರ ಹ್ಯಾರಿಸ್‌ಬರ್ಗ್‌–ಆಲ್ಟೂನಾ ದಾರಿ 1950ರ ದಶಕದ ಶುರುವಿನಲ್ಲಿ ಹೇಗಿತ್ತೋ ಹಾಗೆ ತಾತ ಪುಟ್ಟದಾಗಿ ಕಟ್ಟಿದ್ದಾರೆ. ಲೂಯಿಸ್‌ಟೌನ್ ಆ ದಾರಿಯ ಒಂದು ಊರು. ಅಳತೆ ಎಚ್‌ಒ, ಅಂದರೆ 87ರಲ್ಲಿ ಒಂದು ಪಾಲು. ನಿಜವಾದ ದಾರಿ ಸುಮಾರು 210 ಕಿ.ಮೀ. 87ರಿಂದ ಭಾಗಿಸಿದರೂ ಎರಡೂವರೆ ಕಿ.ಮೀ. ಹತ್ತಿರ ಬರುತ್ತದೆ, ಯಾವ ಮನೆಯಲ್ಲಿ ಹಿಡಿಸುತ್ತದೆ? ಅದಕ್ಕೇ ಊರುಗಳನ್ನು ಹತ್ತಿರ ಹತ್ತಿರ ತಂದು, ಗೋಡೆ ಗಡಿಯಾರವನ್ನು ನಾಲ್ಕು ಪಟ್ಟು ಬೇಗ ಓಡಿಸುತ್ತಾರೆ. ನಮ್ಮ ಕಾಲು ಗಂಟೆ ಅಲ್ಲಿ ಒಂದು ಗಂಟೆ. ಅಲ್ಲಿನ ಆರು ನಿಮಿಷ ನಮಗೆ ಒಂದೂವರೆ ನಿಮಿಷ. ಮಕ್ಕಳಿಗೆ ಅದೂ ಜಾಸ್ತಿನೇ.

ಇಲ್ಲಿ ಸುಮ್ನೆ ಸುತ್ತು ಹೊಡೆಯುವ ಗಾಡಿ ಒಂದೂ ಇಲ್ಲ. ತಿಂಗಳಿಗೊಮ್ಮೆ ತಾತನ ಗೆಳೆಯರೆಲ್ಲ ಸೇರುತ್ತಾರೆ. ಒಬ್ಬರು ಮೇಲಿನ ರೂಮಿನಲ್ಲಿ ಫೋನ್ ಹಿಡಿದು ಡಿಸ್ಪ್ಯಾಚರ್ ಆಗುತ್ತಾರೆ, ಅಂದರೆ ಯಾವ ಗಾಡಿ ಯಾವಾಗ ಹೊರಡಬೇಕು ಅಂತ ಹೇಳುವವರು. ಅವರಿಗೆ ಹಳಿ ಕಾಣುವುದಿಲ್ಲ, ಎದುರಿಗಿರುವುದು ಟೈಮ್‌ಟೇಬಲ್ ಮಾತ್ರ. ಹ್ಯಾರಿಸ್‌ಬರ್ಗಿನಲ್ಲಿ ಪೂರ್ವದಿಂದ ಬಂದ ಕರೆಂಟ್ ಎಂಜಿನ್ ಬಿಚ್ಚಿ ಡೀಸೆಲ್ ಜೋಡಿಸಬೇಕು, ಯಾಕೆಂದರೆ ವಿದ್ಯುತ್ ತಂತಿ ಆಗ ಅಲ್ಲಿಗೇ ಮುಗಿಯುತ್ತಿತ್ತು. ವೇಗಕ್ಕೆ ತಾತ ಹೇಳಿಕೊಟ್ಟ ಲೆಕ್ಕ ನನಗೆ ತುಂಬಾ ಇಷ್ಟ. ಕಂಬದ ಪಕ್ಕ ಸೆಕೆಂಡಿಗೆ ಒಂದು ಬೋಗಿ ದಾಟಿದರೆ ಗಂಟೆಗೆ ಸುಮಾರು 60 ಮೈಲಿ. 85 ಅಡಿಯ ನಿಜವಾದ ಬೋಗಿಗೂ ಅದೇ ಲೆಕ್ಕ, ಮೂವತ್ತು ಸೆಂಟಿಮೀಟರಿನ ಈ ಬೋಗಿಗೂ ಅದೇ.

ಮಗಳಿಗೆ ಬೇಕಿದ್ದದ್ದು ಬ್ರಾಡ್‌ವೇ ಲಿಮಿಟೆಡ್. ನ್ಯೂಯಾರ್ಕಿನಿಂದ ಶಿಕಾಗೋಗೆ ಹೋಗುತ್ತಿದ್ದ ಆ ಕಂಪನಿಯ ಹೆಮ್ಮೆಯ ಗಾಡಿ ಅದು, ಪೂರ್ತಿ ಮಲಗುವ ಬೋಗಿಗಳದ್ದು. ತಾತ ಬೇಕೆಂದೇ ಅವಳಿಗೆ ಎಲ್ಲ ಊರಿಗೂ ನಿಲ್ಲುವ ಗಾಡಿ ಕೊಟ್ಟಿದ್ದರು. ಅವಳ ಪ್ರಶ್ನೆ ಕೇಳಿ ಬಗ್ಗಿ ಕೂತರು.

"ಮೊದಲ ಮೂರು ಬೋಗಿ ನೋಡು ಮರಿ. ಸಾಲಾಗಿ ಕಿಟಕಿ ಇದೆಯಾ? ಜನ ಇರೋದು ಹಿಂದಿನ ಎರಡರಲ್ಲಿ. ಈ ಮೂರರಲ್ಲಿ ಇರೋದು ಟಪಾಲು, ಪಾರ್ಸೆಲ್. ಅದರ ದುಡ್ಡಿಗೇ ಆ ಎರಡು ಓಡುತ್ತೆ."

ಆಮೇಲೆ ಜೇಬಿನಿಂದ ಒಂದು ಕಾರ್ಡ್ ತೆಗೆದರು. ಪೆನ್ಸಿಲ್ಲಿನಲ್ಲಿ ಅವರೇ ಬರೆದದ್ದು. ಲೂಯಿಸ್‌ಟೌನ್: ಟಪಾಲು ಚೀಲ ನಾಲ್ಕು ಇಳಿಸಬೇಕು, ಎರಡು ಹತ್ತಿಸಬೇಕು. ಪತ್ರಿಕೆ ಕಟ್ಟುಗಳು. ಹಾಲಿನ ಖಾಲಿ ಕ್ಯಾನು. ಒಂದು ದಿನದ ಕೋಳಿಮರಿಗಳ ಪೆಟ್ಟಿಗೆ ಮೂರು, ಜೋಪಾನ. ಕೆಳಗೆ ಗೆರೆ ಎಳೆದು: ಆರು ನಿಮಿಷ.

ಮಗಳು ಕಾರ್ಡನ್ನು ಎರಡು ಸಲ ಓದಿದಳು. "ಕೋಳಿಮರಿನೂ ಇದೆಯಾ?" ಅಂದಳು. ಆಮೇಲೆ ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲಿಸಿ, ಗಡಿಯಾರ ನೋಡಿಯೇ ಬಿಟ್ಟಳು.

ಕಥೆಯ ಉಳಿದ ಭಾಗವನ್ನು ತಾತ ನನಗೆ ಹೇಳಿದರು. ಆ ಗಾಡಿಗಳ ಟಪಾಲು ಬೋಗಿಯೊಳಗೆ ಗುಮಾಸ್ತರು ರಾತ್ರಿಯೆಲ್ಲ ನಿಂತು ಕಾಗದ ವಿಂಗಡಿಸುತ್ತಿದ್ದರು. ಗಾಡಿ ನಿಲ್ಲದ ಊರಿನಲ್ಲಿ ಚೀಲವನ್ನು ಕಂಬಕ್ಕೆ ನೇತುಹಾಕಿದರೆ, ಓಡುತ್ತಲೇ ಬೋಗಿಯ ಕಬ್ಬಿಣದ ಕೊಕ್ಕೆ ಎಳೆದುಕೊಳ್ಳುತ್ತಿತ್ತು. 1967ರಲ್ಲಿ ಅಂಚೆ ಇಲಾಖೆ ಈ ಬೋಗಿಗಳಲ್ಲಿ ಹೆಚ್ಚಿನವನ್ನು ಒಟ್ಟಿಗೇ ನಿಲ್ಲಿಸಿ, ಟಪಾಲನ್ನು ಲಾರಿಗೂ ವಿಮಾನಕ್ಕೂ ಕೊಟ್ಟಿತು. ಟಪಾಲಿನ ದುಡ್ಡು ಹೋದದ್ದೇ ಗಾಡಿಗಳೂ ಹೋದವು. 1971ರಲ್ಲಿ ಉಳಿದದ್ದನ್ನು ಸರ್ಕಾರ ಆಮ್‌ಟ್ರಾಕ್ ಅಂತ ಕಟ್ಟಿ ಕಾಪಾಡಬೇಕಾಯಿತು. ನ್ಯೂಯಾರ್ಕ್‌–ವಾಷಿಂಗ್ಟನ್ ನಡುವಿನ ಕೊನೆಯ ಟಪಾಲು ಬೋಗಿ ನಿಂತದ್ದು 1977ರಲ್ಲಿ. ಈಗ ಲೂಯಿಸ್‌ಟೌನಿಗೆ ಎಷ್ಟೋ ವರ್ಷದಿಂದ ದಿನಕ್ಕೆ ಹೋಗಲು ಒಂದು, ಬರಲು ಒಂದು ಪ್ಯಾಸೆಂಜರ್ ಗಾಡಿ. ಅಷ್ಟೇ.

ಮನೆಗೆ ನಡೆದು ಬರುವಾಗ ಮಗಳು ಕೇಳಿದಳು, "ನಿಮ್ಮೂರಲ್ಲೂ ಟಪಾಲು ಇಳೀತಿತ್ತಾ ಅಮ್ಮ?"

ಇಳೀತಿತ್ತು ಮಗಳೇ. ನಮ್ಮದು ತಿಪಟೂರು. ಆಗಿನ್ನೂ ಮೀಟರ್ ಗೇಜ್, ಎರಡು ಹಳಿಗಳ ನಡುವೆ ಒಂದೇ ಮೀಟರ್. ರಾತ್ರಿಯ ಮೇಲ್ ಗಾಡಿಯಲ್ಲಿ ಆರ್‌ಎಂಎಸ್ ಅಂತ ಬರೆದ, ರೈಲ್ವೆ ಟಪಾಲು ಸೇವೆಯ ಕೆಂಪು ಬೋಗಿ ಇರುತ್ತಿತ್ತು. ಅದರ ಪಕ್ಕದಲ್ಲಿ ಕಾಗದ ಹಾಕಲು ಒಂದು ಸೀಳು. ಊರಿನ ಡಬ್ಬಿ ತೆಗೆದಾದ ಮೇಲೂ ಅರ್ಜೆಂಟ್ ಕಾಗದ ಉಳಿದರೆ, ದೊಡ್ಡಪ್ಪ ಸ್ಟಾಂಪು ಜಾಸ್ತಿ ಹಚ್ಚಿ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸ್ಟೇಷನ್ನಿಗೆ ಓಡುತ್ತಿದ್ದರು. ಆ ಸೀಳು ನನಗೆ ಎಟುಕುತ್ತಿರಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು, ಕಾಗದ ನಾನೇ ಹಾಕಬೇಕು. ಒಳಗೆ ದೀಪದ ಕೆಳಗೆ ಸರಸರ ಓಡುವ ಕೈಗಳು, ಗೋಡೆ ತುಂಬ ಗೂಡುಗಳು. ಹಿಂದೆ ಗಾರ್ಡ್ ಡಬ್ಬಿಯ ಹತ್ತಿರ ಕೊಬ್ಬರಿ ಚೀಲ, ಎಳನೀರಿನ ಗೊನೆ, ಯಾರದೋ ಮದುವೆಯ ಪಾತ್ರೆ. ಹೊರಡುವಾಗ ಬೆತ್ತದ ಬಳೆಯಲ್ಲಿ ಸಿಕ್ಕಿಸಿದ ಟೋಕನ್ ಎಂಜಿನ್ನಿನವರ ಕೈಗೆ ಹೋಗಬೇಕು. ಅದಿಲ್ಲದೆ ಒಂಟಿ ಹಳಿಯಲ್ಲಿ ಗಾಡಿ ಕದಲುವಂತಿರಲಿಲ್ಲ.

ನಮ್ಮಲ್ಲಿ ಗಾಡಿ ತುಂಬ ಜನ ಇದ್ದಾರೆ, ಅದು ನನಗೆ ನಿಜವಾಗಿಯೂ ಹೆಮ್ಮೆ. ಬೆಂಗಳೂರು–ಅರಸೀಕೆರೆ ದಾರಿಯಲ್ಲಿ ಒಂದು ದಿನ ಓಡುವಷ್ಟು ಪ್ಯಾಸೆಂಜರ್ ಗಾಡಿ ಲೂಯಿಸ್‌ಟೌನ್ ಒಂದು ವಾರದಲ್ಲಿ ನೋಡುವುದಿಲ್ಲ ಅಂತ ತಾತನಿಗೆ ಹೇಳಿದೆ, ಅವರ ಮುಖ ಅರಳಿತು. ಆದರೆ ಕೊರೋನಾ ಆದಮೇಲೆ ನಮ್ಮಲ್ಲೂ ಎಷ್ಟೋ ಸಣ್ಣ ಸ್ಟೇಷನ್ನುಗಳ ನಿಲುಗಡೆ ತೆಗೆದರು. ಪ್ಯಾಸೆಂಜರ್ ಗಾಡಿಗೇ ಎಕ್ಸ್‌ಪ್ರೆಸ್ ಅಂತ ಹೆಸರಿಟ್ಟು, ಹತ್ತು ರೂಪಾಯಿ ಟಿಕೆಟ್ ಮೂವತ್ತಾಯಿತು. 2024ರಲ್ಲಿ ದರ ಇಳಿಸಿದರು. ಆದರೆ ತೆಗೆದ ನಿಲುಗಡೆಗಳೆಲ್ಲ ವಾಪಸ್ ಬರಲಿಲ್ಲ. ಎರಡು ನಿಮಿಷ ನಿಂತರೆ ಗಾಡಿ ಲೇಟಾಗುತ್ತದಂತೆ. ಆ ಎರಡು ನಿಮಿಷದಲ್ಲಿ ಹೂವಿನ ಬುಟ್ಟಿ ಹತ್ತುತ್ತಿತ್ತು, ಕಾಲೇಜಿನ ಹುಡುಗಿಯರು ಇಳಿಯುತ್ತಿದ್ದರು. ಅದರ ಲೆಕ್ಕ ಯಾರೂ ಬರೆದಿಡಲಿಲ್ಲವಲ್ಲ ಅನ್ನುವುದೇ ನನ್ನ ಹೊಟ್ಟೆಯುರಿ.

ಇಲ್ಲಿ ಬರೆದಿಟ್ಟಿದ್ದಾರೆ. ಲೂಯಿಸ್‌ಟೌನಿನ ಸ್ಟೇಷನ್ 1849ರ ಕಟ್ಟಡ. ಈಗ ಅದರಲ್ಲಿ ಆ ಹಳೆಯ ಕಂಪನಿಯ ಅಭಿಮಾನಿಗಳ ಸಂಘದ ದಾಖಲೆ ಭಂಡಾರ ಇದೆ. ಕಂಪನಿ ಸತ್ತರೂ ಅದರ ನಕ್ಷೆ, ಕಾಗದ ಪತ್ರ ಬದುಕಿವೆ. ತಾತ ಕಾರ್ಡ್ ಬರೆಯುವುದು ಅಂಥ ದಾಖಲೆ ಓದಿಕೊಂಡೇ.

ಈಗ ನಮ್ಮ ಗ್ಯಾರೇಜಿನ ಒಂದು ಗೋಡೆ ಖಾಲಿ ಮಾಡುತ್ತಿದ್ದೇವೆ. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಮಾದರಿಗಳಿಗೆಂದು ಮಾಡುವ 12 ಮಿ.ಮೀ. ಹಳಿ ಸಿಗುತ್ತದೆ, ಅದು ಸಾಕು ಅಂದಿದ್ದಾರೆ ತಾತ. ತಿಪಟೂರಿನಿಂದ ಅರಸೀಕೆರೆವರೆಗೆ, ಗೇಜ್ ಬದಲಾಗುವ ಮುಂಚೆ ಇದ್ದ ಹಾಗೆ. ಕಾರ್ಡ್ ಬರೆಯುವ ಕೆಲಸ ಮಗಳದು. ಆದರೆ ಅವಳು ಕೇಳುವ ಪ್ರಶ್ನೆಗಳಿಗೆ ನನ್ನ ನೆನಪು ಸಾಲದು, ದೊಡ್ಡಪ್ಪ ಈಗಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಆ ದಾರಿಯಲ್ಲಿ ಗಾರ್ಡ್, ಪಾಯಿಂಟ್ಸ್‌ಮನ್, ಪಾರ್ಸೆಲ್ ಗುಮಾಸ್ತ, ಆರ್‌ಎಂಎಸ್ ಸಾರ್ಟರ್ ಆಗಿದ್ದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೂತು ಮಾತಾಡಿಸಿ. ರಾತ್ರಿಯ ಮೇಲ್ ತಿಪಟೂರಿನಲ್ಲಿ ಎಷ್ಟು ನಿಮಿಷ ನಿಲ್ಲುತ್ತಿತ್ತು? ಟಪಾಲು ಬೋಗಿ ಎಂಜಿನ್ನಿನ ಹಿಂದೆಯೇ ಇರುತ್ತಿತ್ತಾ, ಗಾರ್ಡ್ ಡಬ್ಬಿಯ ಮುಂದೆ ಇರುತ್ತಿತ್ತಾ? ಕೊಬ್ಬರಿ ಚೀಲ ಯಾವ ಗಾಡಿಗೆ ಹತ್ತುತ್ತಿತ್ತು? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿ.