ಫಾರ್ಗೋದಲ್ಲಿ ಅವರೆ: ಗ್ಯಾರೇಜಿನೊಳಗೆ ಉದ್ದದ ರಾತ್ರಿ

ಏಪ್ರಿಲ್ 20
ಇವತ್ತು ಎಂಟು ಅವರೆಕಾಳು ನೆನೆಹಾಕಿದೆ. ಅಮೆರಿಕದ ನಾರ್ತ್ ಡಕೋಟಾದ ಈ ಊರಲ್ಲಿ ಮೇ ಅರ್ಧ ಕಳೆಯುವವರೆಗೂ ಫ್ರಾಸ್ಟ್, ಅಂದರೆ ಗಿಡ ಹೆಪ್ಪುಗಟ್ಟಿಸುವ ಚಳಿಯ ಭಯ. ಸೆಪ್ಟೆಂಬರ್ ಕೊನೆಗೆ ಮತ್ತೆ ಅದೇ. ನಡುವೆ ಸಿಗುವುದು ನಾಲ್ಕು ತಿಂಗಳಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಹೋದ ವರ್ಷ ಬೇಲಿ ತುಂಬ ಬಳ್ಳಿ ಹಬ್ಬಿತ್ತು, ಅಂಗೈ ಅಗಲದ ಎಲೆ. ಹೂ ಮಾತ್ರ ಸೆಪ್ಟೆಂಬರ್ ಅರ್ಧದವರೆಗೂ ಇಲ್ಲ. ಹೂ ಬಿಟ್ಟು ಹತ್ತೇ ದಿನ, ಒಂದು ರಾತ್ರಿಯ ಚಳಿಗೆ ಇಡೀ ಬಳ್ಳಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿತ್ತು. ತುಂಬ ಬೇಜಾರಾಯಿತು.

ಗೊಬ್ಬರ ಸಾಲದೇನೋ ಅಂದುಕೊಂಡಿದ್ದೆ. ಅದಲ್ಲ. ನಾಟಿ ಅವರೆ ಹೂ ಬಿಡಬೇಕಾದರೆ ರಾತ್ರಿ ಉದ್ದ ಇರಬೇಕು. ಬೆಂಗಳೂರಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ದಾಟುವುದಿಲ್ಲ. ಇಲ್ಲಿ ಜೂನ್‌ನಲ್ಲಿ ಹಗಲು 15 ಮುಕ್ಕಾಲು ಗಂಟೆ, ಸೂರ್ಯ ಮುಳುಗುವಾಗ ಒಂಬತ್ತು ಕಾಲು ದಾಟಿರುತ್ತದೆ. ಕಾರ್ತೀಕ ಹತ್ತಿರ ಬಂತು ಅಂತ ಬಳ್ಳಿಗೆ ತಿಳಿಯುವುದು ಹೇಗೆ? ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, 4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಆದರೆ ಊರಿಂದ ಬೀಜ ಸುಮ್ನೆ ಬ್ಯಾಗಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ, ಕಾಗದಪತ್ರ ಬೇಕು. ನನ್ನ ಹತ್ತಿರ ಇರುವುದು ಇಲ್ಲಿಯ ಗೆಳತಿಯೊಬ್ಬಳು ವರ್ಷ ವರ್ಷ ಉಳಿಸಿಕೊಂಡು ಬಂದ ಹಳೇ ಬೀಜ. ಹಾಗಾಗಿ ಈ ಸಲ ರಾತ್ರಿಯನ್ನೇ ಉದ್ದ ಮಾಡಿ ನೋಡುತ್ತೇನೆ.

ಮೇ 29
ಎಂಟರಲ್ಲಿ ಆರು ಹುಟ್ಟಿದವು. ಗಟ್ಟಿಯಾದ ನಾಲ್ಕನ್ನು ಇಟ್ಟುಕೊಂಡೆ. ಒಂದು ವಾರ ದಿನಕ್ಕೆ ಎರಡು ಗಂಟೆ, ಆಮೇಲೆ ನಾಲ್ಕು ಗಂಟೆ ಹೊರಗಿಟ್ಟು ಗಾಳಿಗೆ ಒಗ್ಗಿಸಿದೆ. ಬಯಲುಸೀಮೆಯವಳಾದ ನಾನೂ ಇಂಥ ಗಾಳಿ ಕಂಡಿರಲಿಲ್ಲ.

ಇಲ್ಲಿಯ ಮಣ್ಣು ನಮ್ಮ ಎರೆಮಣ್ಣಿನ ಹಾಗೆ: ನೆನೆದರೆ ಅಂಟು, ಒಣಗಿದರೆ ಬಿರುಕು. ಹಿಮಯುಗದ ಅಗಾಸಿಜ್ ಎಂಬ ದೊಡ್ಡ ಸರೋವರದ ತಳ ಇದು. ಕುಂಡಕ್ಕೆ ಅದು ಆಗುವುದಿಲ್ಲ. ಕಾಂಪೋಸ್ಟ್ ಜಾಸ್ತಿ ಹಾಕಿದ ಸಡಿಲ ಮಣ್ಣು ತುಂಬಿ, ಕೆಳಗೆ ಚಕ್ರದ ಹಲಗೆ ಇಟ್ಟೆ.

ಜೂನ್ 14
ಶುರು. ಸಂಜೆ 7ಕ್ಕೆ ಮೂರು ಕುಂಡ ಕಿಟಕಿಯಿಲ್ಲದ ಗ್ಯಾರೇಜಿನೊಳಗೆ, ಬೆಳಿಗ್ಗೆ 8ಕ್ಕೆ ಹೊರಗೆ. 13 ಗಂಟೆ ಕತ್ತಲು. ನಾಲ್ಕನೆಯದನ್ನು ಹೋಲಿಸಿ ನೋಡಲು ಹೊರಗೇ ಬಿಟ್ಟಿದ್ದೇನೆ. ಕಪ್ಪು ಪ್ಲಾಸ್ಟಿಕ್ ಮುಚ್ಚಬಹುದಿತ್ತು, ಆದರೆ ಸಂಜೆ ಬಿಸಿಲಿಗೆ ಒಳಗೆ ಬೆಂದುಹೋಗುತ್ತದೆ. ಬಳ್ಳಿ ಸೊಂಟದೆತ್ತರ ಬಂದಾಗಲೆಲ್ಲ ಕುಡಿ ಚಿವುಟುತ್ತೇನೆ.

ಜುಲೈ 9
ಮೂರೂವರೆ ವಾರವಾದರೂ ಮೊಗ್ಗಿಲ್ಲ. ನಿನ್ನೆ ರಾತ್ರಿ 11ಕ್ಕೆ ಯಜಮಾನರು ಡ್ಯೂಟಿ ಮುಗಿಸಿ ಬಂದರು. ಗ್ಯಾರೇಜಿನ ಬಾಗಿಲು ಎದ್ದಿತು, ಮೇಲಿನ ಬಲ್ಬ್ ಝಗ್ಗನೆ ಹತ್ತಿತು. ನಾನು ಅಲ್ಲೇ ನಿಂತಿದ್ದೆ. ಕಾರು ನಿಂತ ಮೇಲೂ ಆ ಬಲ್ಬ್ ಸುಮಾರು ಐದು ನಿಮಿಷ ಉರಿಯಿತು, ಬೆಳಕು ನೇರ ಎಲೆಗಳ ಮೇಲೆ. ವಾರಕ್ಕೆ ಐದು ರಾತ್ರಿ ಹೀಗೇ ಆಗಿದೆ! ನಡುರಾತ್ರಿ ಬೆಳಕು ಬಿದ್ದರೆ ಗಿಡಕ್ಕೆ ಅದು ಒಂದು ಉದ್ದದ ರಾತ್ರಿ ಅಲ್ಲ, ಎರಡು ಗಿಡ್ಡ ರಾತ್ರಿ. ಬಲ್ಬ್ ಬಿಚ್ಚಿದೆ. ಇನ್ನು ಕಾರು ರಸ್ತೆಯಲ್ಲೇ ನಿಲ್ಲುತ್ತದೆ.

ಆಗಸ್ಟ್ 4
ಮೊಗ್ಗು! ಎಲೆಯ ಬುಡದಿಂದ ನೆಟ್ಟಗೆ ಎದ್ದ ಕಡ್ಡಿ, ಅದರ ತುಂಬ ಜೋಳದ ಕಾಳಿನಷ್ಟು ಹಸಿರು ಗಂಟುಗಳು. ಮೂರು ಕುಂಡದಲ್ಲೂ ಇದೆ. ಹೊರಗಿನದರಲ್ಲಿ ಬರೀ ಎಲೆ. ಮುಟ್ಟಿ ಮುಟ್ಟಿ ನೋಡಿದೆ.

ಆಗಸ್ಟ್ 17
ಬಿಳಿ ಹೂ. ಹೂಗೊಂಚಲಿಗೆ ಕಪ್ಪು ಹೇನು ಮುತ್ತಿದೆ. ನೀರಿನ ಪೈಪಿನಿಂದ ಜೋರಾಗಿ ಹೊಡೆದು, ಆಮೇಲೆ ತೆಳ್ಳನೆ ಸೋಪು ನೀರು ಸಿಂಪಡಿಸಿದೆ. ಎರಡೇ ಸಲಕ್ಕೆ ಹತೋಟಿಗೆ ಬಂತು.

ಸೆಪ್ಟೆಂಬರ್ 16
ರಾತ್ರಿ 5 ಡಿಗ್ರಿಗೆ ಇಳಿದಿದೆ. ಕುಂಡಗಳು ಹೇಗೂ ಗ್ಯಾರೇಜಿನಲ್ಲೇ ಮಲಗುತ್ತವೆ, ಚಿಂತೆಯಿಲ್ಲ. ಇವತ್ತು ತುಂಬಿದ ಕಾಯಿ 40 ಕಿತ್ತೆ. ಸಿಪ್ಪೆ ಜಿಡ್ಡುಜಿಡ್ಡು, ಬೆರಳೆಲ್ಲ ಸೊಗಡಿನ ವಾಸನೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಸೊಗಡು ಐತೇನೇ?" ಅಂತ ಮೊದಲು ಕೇಳಿದ್ದೇ ಅದು. ಇದೆ ಅಮ್ಮ ಅಂದೆ, ಗಂಟಲು ಕಟ್ಟಿತು. ಒಂದು ಹಿಡಿ ಕಾಳು ಸಾರಿಗೆ ಹೋಯಿತು. ಚೆನ್ನಾಗಿರುವ ಒಂದು ಡಜನ್ ಕಾಯಿ ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟಿದ್ದೇನೆ.

ಹೊರಗೇ ಬಿಟ್ಟ ನಾಲ್ಕನೇ ಬಳ್ಳಿಯಲ್ಲಿ ಇವತ್ತು ಮೊದಲ ಮೊಗ್ಗು ಕಂಡಿತು.